ಒಂದು ಕಡಲಿನಲ್ಲಿ ಸುತ್ತಿಗೆ, ಇನ್ನೊಂದು ಕಡಲಿನಲ್ಲಿ ತೊಟ್ಟಿಲು

ಗಂಗಾವತಿಯಲ್ಲಿ ನಮ್ಮ ಓಣಿಯ ಒಂದು ಮನೆಯ ಷೋಕೇಸಿನಲ್ಲಿ, ಕಬಡ್ಡಿಯಲ್ಲಿ ಗೆದ್ದ ಸ್ಟೀಲ್ ಕಪ್ಪಿನ ಪಕ್ಕ, ಕನ್ಯಾಕುಮಾರಿಯಿಂದ ತಂದ ಒಂದು ಚಿಪ್ಪು ಇದೆ. ಮೋಸಂಬಿಯಷ್ಟು ದಪ್ಪ. ಅಂಗೈಯಿಂದ ಒತ್ತಿದಂತೆ ಮೇಲೂ ಕೆಳಗೂ ಕೊಂಚ ಚಪ್ಪಟೆ. ಬಿಸಿಲಿಗೆ ಮಾಸಿದ ನೇರಳೆ ಬಣ್ಣ. ಮೈಮೇಲೆ ಸಜ್ಜೆ ಕಾಳಿನಂಥ ಗುಬ್ಬುಗಳು ಸಾಲು ಹಿಡಿದು ನೆತ್ತಿಯಿಂದ ಬುಡಕ್ಕೆ ಇಳಿದಿವೆ. ನೆತ್ತಿಯಲ್ಲಿ ಒಂದು ಸಣ್ಣ ತೂತು, ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಆ ಮನೆಯ ತಾಯಿ ನೆತ್ತಿಯ ತೂತಿಗೆ ಅಗರಬತ್ತಿ ಸಿಕ್ಕಿಸುತ್ತಾರೆ. ಏಳನೆಯ ತರಗತಿಯ ಮಗಳು ಒಂದು ಸಂಜೆ ಅದನ್ನು ಹಿಡಿದುಕೊಂಡು ಬಂದು, "ಕಾಕಾ, ಇದು ಕಾಯಿಯೋ, ಪ್ರಾಣಿಯೋ?" ಎಂದು ಕೇಳಿದಳು.

ಪ್ರಾಣಿ. ಹೆಸರು ಸಮುದ್ರ ಅರ್ಚಿನ್. ವಿಜ್ಞಾನದ ಪಠ್ಯದಲ್ಲಿ ಕಂಟಕಚರ್ಮಿಗಳು ಎಂಬಲ್ಲಿ, ನಕ್ಷತ್ರಮೀನಿನ ಬೆನ್ನಿಗೆ, ಒಂದೇ ಸಾಲಿನಲ್ಲಿ ಬಂದು ಹೋಗುವ ಜೀವ. ಬದುಕಿರುವಾಗ ಆ ಒಂದೊಂದು ಗುಬ್ಬಿನ ಮೇಲೂ ಒಂದೊಂದು ಮುಳ್ಳು ನಿಂತಿರುತ್ತದೆ. ಬೇಕಾದ ದಿಕ್ಕಿಗೆ ತಿರುಗುತ್ತದೆ. ನಮ್ಮ ಸೀಮೆಯವರಿಗೆ ಹೇಳುವುದಾದರೆ, ಹೊಲದ ಬದುವಿನ ದತ್ತೂರಿ ಕಾಯಿಗೆ ಜೀವ ಬಂದು ಕಲ್ಲಿನ ಮೇಲೆ ತೆವಳಿದಂತೆ. ಇಂಗ್ಲಿಷಿನಲ್ಲಿ ಅರ್ಚಿನ್ ಎಂಬ ಪದಕ್ಕೆ ಹಿಂದೆ ಇದ್ದ ಅರ್ಥ ಮುಳ್ಳಿಲಿ ಎಂದು. ಹೆಸರಿಟ್ಟವರಿಗೂ ಮೊದಲು ಕಂಡದ್ದು ಮುಳ್ಳೇ.

ಬಯಲುಸೀಮೆಯಲ್ಲಿ ಕುಳಿತು ಸಮುದ್ರದ ಪ್ರಾಣಿಯ ಬಗ್ಗೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಹಾದು ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಅಲ್ಲಿಗೇ ನಿಲ್ಲುವುದಿಲ್ಲ, ಘಟ್ಟ ಇಳಿದು ಅಂಕೋಲಾದ ಹತ್ತಿರ ಸಮುದ್ರ ಮುಟ್ಟುತ್ತದೆ. ಸಂಡೂರು, ಬಳ್ಳಾರಿಯ ಅದಿರು ಲಾರಿಗಟ್ಟಲೆ ಅದೇ ದಾರಿಯಲ್ಲಿ ಬೇಲೆಕೇರಿ ಬಂದರಿಗೆ ಹೋಗಿ ರಾಶಿ ಬಿದ್ದಿದ್ದು, ಆಮೇಲೆ ಅದು ಲೋಕಾಯುಕ್ತದ ಕಡತ ಸೇರಿದ್ದು ಎಲ್ಲರಿಗೂ ನೆನಪಿರಬೇಕು. ನಮ್ಮ ಜನಕ್ಕಿಂತ ನಮ್ಮ ಕೆಂಪು ಮಣ್ಣೇ ಹೆಚ್ಚು ಕಡಲು ಕಂಡಿದೆ.

ಅರ್ಚಿನ್ ಸುದ್ದಿಯಲ್ಲಿರುವುದಕ್ಕೆ ಕಾರಣಗಳು ಎರಡು, ಮತ್ತು ಅವೆರಡೂ ಒಂದಕ್ಕೊಂದು ಎದುರು. ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾದಲ್ಲಿ ಸ್ವಯಂಸೇವಕರು ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಸುತ್ತಿಗೆಯಿಂದ ನೇರಳೆ ಅರ್ಚಿನ್‌ಗಳನ್ನು ಒಡೆದು ಹಾಕಿದ್ದಾರೆ. ಅದೇ ದೇಶದ ಇನ್ನೊಂದು ಬದಿಯ ಫ್ಲಾರಿಡಾದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ವಿಜ್ಞಾನಿಗಳು ಕಪ್ಪು ಅರ್ಚಿನ್‌ಗಳ ಮರಿಗಳನ್ನು ತೊಟ್ಟಿಗಳಲ್ಲಿ ಹಸುಗೂಸಿನಂತೆ ಸಾಕಿ, ಬೆಳೆದ ಮೇಲೆ ಹವಳದ ದಿಬ್ಬಗಳಿಗೆ ಒಯ್ದು ಬಿಡುತ್ತಿದ್ದಾರೆ. ಒಂದು ಕಡೆ ಕೀಟ, ಇನ್ನೊಂದು ಕಡೆ ಕೂಸು. ಜಾತಿ ಬೇರೆಯಾದರೂ ಎರಡೂ ಮಾಡುವ ಕೆಲಸ ಒಂದೇ: ಬಂಡೆಗೆ ಅಂಟಿದ ಪಾಚಿಯನ್ನು ಕೆರೆದು ತಿನ್ನುವುದು. ಹಾಗಿದ್ದರೆ ಈ ಎರಡು ಬಗೆಯ ಉಪಚಾರ ಏಕೆ?

ಅದಕ್ಕೆ ಮೊದಲು ಆ ಚಿಪ್ಪನ್ನು ಇನ್ನೊಮ್ಮೆ ನೋಡಬೇಕು. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳ ಐದು ಪಟ್ಟಿಗಳು ಕಾಣುತ್ತವೆ. ನಾವು ಎಡ–ಬಲ ಎಂಬ ಎರಡು ಪಾಲಿನ ಪ್ರಾಣಿಗಳು, ಅರ್ಚಿನ್ ಐದು ಪಾಲಿನದು. ಆ ತೂತುಗಳಿಂದ ನೂಲಿನಂಥ ಕಾಲುಗಳು ಹೊರಬರುತ್ತವೆ. ಅವುಗಳಲ್ಲಿ ಎಲುಬಿಲ್ಲ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಏಳುವಂತೆ, ಒಳಗಿನ ಕೊಳವೆಗಳಲ್ಲಿ ನೀರಿನ ಒತ್ತಡ ಹೆಚ್ಚಿಸಿ, ಇಳಿಸಿ ಅರ್ಚಿನ್ ಅವನ್ನು ಚಾಚುತ್ತದೆ, ಎಳೆದುಕೊಳ್ಳುತ್ತದೆ. ಬುಡದ ದೊಡ್ಡ ತೂತು ಬಾಯಿ. ಅಲ್ಲಿ ಐದು ಹಲ್ಲುಗಳನ್ನು ಹೊತ್ತ ದವಡೆಯ ಗೂಡು ಇದೆ. ಅರಿಸ್ಟಾಟಲ್ ಅದನ್ನು ಲಾಂದ್ರಕ್ಕೆ ಹೋಲಿಸಿದ್ದರಿಂದ ಇಂದಿಗೂ ಜೀವಶಾಸ್ತ್ರಜ್ಞರು ಅದನ್ನು ಅರಿಸ್ಟಾಟಲನ ಲಾಂದ್ರ ಎಂದೇ ಕರೆಯುತ್ತಾರೆ. ಹಲ್ಲು ಇಲಿಯ ಹಲ್ಲಿನಂತೆ ಬೆಳೆಯುತ್ತಲೇ ಇರುತ್ತದೆ. ತುದಿ ಸವೆದಾಗ ಪದರ ಪದರವಾಗಿ ಮುರಿದು ಒಳಗಿನ ಹೊಸ ಅಂಚು ಮೇಲೆ ಬರುತ್ತದೆ. ಸಾಣೆ ಹಿಡಿಯುವ ಗೋಜಿಲ್ಲದ ಚಾಕು.

ಈ ಹಲ್ಲಿನಿಂದ ಅರ್ಚಿನ್ ಬಂಡೆಯನ್ನೇ ಕೊರೆಯುತ್ತದೆ. ಅಲೆ ಬಡಿಯುವ ಕಲ್ಲಿನ ತೀರಗಳಲ್ಲಿ ಒಂದೊಂದು ಅರ್ಚಿನ್ ತನ್ನ ಅಳತೆಗೆ ಸರಿಯಾದ ಒಂದೊಂದು ಬಟ್ಟಲಿನಲ್ಲಿ ಕುಳಿತಿರುವುದನ್ನು ಕಾಣಬಹುದು. ಕೇರಳದ ವಿಳಿಂಜಂ, ಆಂಧ್ರದ ವಿಶಾಖಪಟ್ಟಣದ ಬಂಡೆಗಳಲ್ಲಿ ನಮ್ಮದೇ ದೇಶದ ಕಪ್ಪು ಅರ್ಚಿನ್‌ಗಳೂ ಹೀಗೆಯೇ ಕಲ್ಲಿನ ಸಂದುಗಳಲ್ಲಿ ಮನೆ ಮಾಡಿಕೊಂಡಿವೆ. ಆನೆಗುಂದಿ, ಸಾಣಾಪುರದ ಹತ್ತಿರ ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ಬಂಡೆಗಳಲ್ಲಿ ಕೊರೆದಿಟ್ಟ ಒರಳಿನಂಥ ಗುಂಡಿಗಳನ್ನು ನೋಡಿದವರಿಗೆ ಆ ದೃಶ್ಯ ಹೊಸದೆನಿಸುವುದಿಲ್ಲ. ನಮ್ಮ ಗುಂಡಿಗಳನ್ನು ಕೊರೆದದ್ದು ಹಲ್ಲಲ್ಲ. ಸುಳಿಯಲ್ಲಿ ಸಿಕ್ಕಿದ ಉರುಟು ಕಲ್ಲು ಸಾವಿರಾರು ಮಳೆಗಾಲ ಗಿರಗಿರನೆ ತಿರುಗಿ ತೋಡಿದ್ದು. ಅಮೆರಿಕದ ಸಂಶೋಧಕರು ಅರ್ಚಿನ್‌ಗಳನ್ನು ಬೇರೆ ಬೇರೆ ಚಪ್ಪಟೆ ಕಲ್ಲುಗಳ ಮೇಲೆ ಒಂದು ವರ್ಷ ಬಿಟ್ಟು ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆತ್ತನೆಯ ಮರಳುಗಲ್ಲು ಬೇಗ ಸವೆದಿತ್ತು, ಗ್ರಾನೈಟ್ ಅಷ್ಟು ಸುಲಭವಾಗಿ ಮಣಿದಿರಲಿಲ್ಲ. ನಮ್ಮ ಕಡೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಗಟ್ಟಿಯಾದಾಗ ಅರ್ಚಿನ್ ಇರಲಿ, ಯಾವ ಪ್ರಾಣಿಯೂ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಹಾಗಾಗಿ ಆನೆಗುಂದಿಯ ಬಂಡೆಯೊಳಗೆ ಅರ್ಚಿನ್ ಪಳೆಯುಳಿಕೆ ಹುಡುಕಿ ಪ್ರಯೋಜನವಿಲ್ಲ. ಅದಕ್ಕೆ ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು.

ಇನ್ನು ಸುತ್ತಿಗೆಯ ಕಥೆ.

ತಣ್ಣೀರಿನ ಸಮುದ್ರಗಳಲ್ಲಿ ಕೆಲ್ಪ್ ಎಂಬ ದೈತ್ಯ ಪಾಚಿ ಬೆಳೆಯುತ್ತದೆ. ಅದಕ್ಕೆ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಬೆರಳುಗಳಿಂದ ತಳದ ಬಂಡೆಯನ್ನು ಅಪ್ಪಿ ಹಿಡಿದು, ಹತ್ತಾರು ಮೀಟರ್ ಮೇಲೆದ್ದು ನೀರಿನ ಮೇಲೆ ಚಪ್ಪರ ಹಾಕುತ್ತದೆ. ಆ ಚಪ್ಪರದ ಅಡಿಯಲ್ಲಿ ಮೀನು, ಏಡಿ, ಬಸವನಹುಳು ಎಲ್ಲಕ್ಕೂ ಜಾಗ. ಅರ್ಚಿನ್ ಕೂಡ ಅಲ್ಲೇ ಇರುತ್ತದೆ, ಮತ್ತು ಕಾಡು ಚೆನ್ನಾಗಿರುವಾಗ ಅದರಿಂದ ಏನೂ ತೊಂದರೆಯಿಲ್ಲ. ಏಕೆಂದರೆ ಆಗ ಅದು ಬೇಟೆಗೆ ಹೋಗುವುದೇ ಇಲ್ಲ. ಬಂಡೆಯ ಸಂದಿನಲ್ಲಿ ಕುಳಿತು, ಮೇಲಿನಿಂದ ಕಿತ್ತು ತೇಲಿ ಬರುವ ಕೆಲ್ಪಿನ ತುಂಡುಗಳನ್ನು ಮುಳ್ಳಿನಲ್ಲಿ ಹಿಡಿದು ತಿನ್ನುತ್ತದೆ. ಮನೆ ಬಾಗಿಲಿಗೇ ಊಟ. ಹೊರಗೆ ಬಂದರೆ ತಿನ್ನುವವರಿದ್ದಾರೆ ಎಂಬ ಭಯವೂ ಒಂದು.

ತೇಲಿ ಬರುವುದು ನಿಂತಾಗ ನಡತೆ ಬದಲಾಗುತ್ತದೆ. ಅರ್ಚಿನ್ ಸಂದಿನಿಂದ ಹೊರಬಂದು ನಿಂತ ಕೆಲ್ಪಿನ ಬುಡವನ್ನೇ ಕಡಿಯುತ್ತದೆ. ಬುಡ ಕಡಿದರೆ ಇಡೀ ಗಿಡ ತೇಲಿ ಹೋಗುತ್ತದೆ. ಒಂದು ತುತ್ತಿಗೆ ಒಂದು ಮರ. ಸಾವಿರಾರು ಅರ್ಚಿನ್‌ಗಳು ಸಾಲುಗಟ್ಟಿ ಹಾಗೆ ಮುಂದುವರಿದರೆ ಉಳಿಯುವುದು ಬೋಳು ಬಂಡೆ ಮತ್ತು ಅದರ ಮೇಲೆ ನೇರಳೆ ಚಾಪೆ ಹಾಸಿದಂತೆ ಅರ್ಚಿನ್‌ಗಳು ಮಾತ್ರ. ವಿಜ್ಞಾನಿಗಳು ಅದನ್ನು ಅರ್ಚಿನ್ ಬರಡು ಎನ್ನುತ್ತಾರೆ. ತಿನ್ನಲು ಏನೂ ಇಲ್ಲದಾಗ ಅವು ಸಾಯಬೇಕಿತ್ತು, ಆದರೆ ಸಾಯುವುದಿಲ್ಲ. ದೇಹದ ಉರಿಯನ್ನು ತಗ್ಗಿಸಿಕೊಂಡು ವರ್ಷಗಟ್ಟಲೆ ಖಾಲಿ ಹೊಟ್ಟೆಯಲ್ಲಿ ಕುಳಿತಿರುತ್ತವೆ. ಹೊಸ ಕೆಲ್ಪಿನ ಚಿಗುರು ಕಂಡ ಕೂಡಲೇ ತಿಂದು ಮುಗಿಸುತ್ತವೆ. ಹಾಗಾಗಿ ಕಾಡು ಬರಡಾಗಲು ಎಷ್ಟು ಅರ್ಚಿನ್ ಬೇಕೋ, ಬರಡು ಮತ್ತೆ ಕಾಡಾಗಬೇಕಾದರೆ ಅವುಗಳ ಸಂಖ್ಯೆ ಅದಕ್ಕಿಂತ ಬಹಳ ಕೆಳಗೆ ಇಳಿಯಬೇಕು. ಹೋದ ದಾರಿಯಲ್ಲೇ ವಾಪಸ್ಸು ಬರಲಾಗದ ಕೆಲಸ ಇದು.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಇದೇ. 2013ರಿಂದ ಅಲ್ಲಿನ ನಕ್ಷತ್ರಮೀನುಗಳಿಗೆ ಮೈ ಕರಗಿ ತೋಳು ಉದುರುವ ರೋಗ ಬಂತು. ಸೂರ್ಯಕಾಂತಿ ನಕ್ಷತ್ರ ಎಂಬ, ಇಪ್ಪತ್ತಕ್ಕೂ ಹೆಚ್ಚು ತೋಳು ಬೆಳೆಸುವ, ಒಂದು ಮೀಟರ್ ಅಗಲದ ದೈತ್ಯ ಜಾತಿ ಶೇಕಡ 90ಕ್ಕೂ ಹೆಚ್ಚು ನಾಶವಾಯಿತು. ಅದರ ಮುಖ್ಯ ಆಹಾರಗಳಲ್ಲಿ ಅರ್ಚಿನ್ ಒಂದು. 2014ರಿಂದ 2016ರವರೆಗೆ ಆ ಸಮುದ್ರದ ಮೇಲೆ ಬಿಸಿನೀರಿನ ದೊಡ್ಡ ಹಾಸು ಕುಳಿತು ಕೆಲ್ಪ್ ಸೊರಗಿತು. ಎರಡೂ ಸೇರಿ ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡು ಶೇಕಡ 90ಕ್ಕಿಂತ ಹೆಚ್ಚು ಹೋಯಿತು. ಕೆಲ್ಪ್ ತಿಂದು ಬದುಕುವ ಅಬಲೋನಿ ಎಂಬ ದೊಡ್ಡ ಬಸವನಹುಳು ಹಸಿವಿನಿಂದ ಸತ್ತು, 2018ರಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ನಕ್ಷತ್ರಮೀನುಗಳ ರೋಗಕ್ಕೆ ಕಾರಣ ಗೊತ್ತಾದದ್ದು 2025ರಲ್ಲಿ. ಅದೊಂದು ಬ್ಯಾಕ್ಟೀರಿಯಾ, ನಮ್ಮ ಕಾಲರಾ ತರುವ ಬ್ಯಾಕ್ಟೀರಿಯಾದ ಕುಲದ್ದೇ.

ಆದರೆ ಈ ಕಥೆಯನ್ನು 2013ರಿಂದ ಶುರು ಮಾಡಿದರೆ ಅರ್ಧ ಕಥೆ. ಅರ್ಚಿನ್ ತಿನ್ನುವ ಇನ್ನೊಂದು ಪ್ರಾಣಿ ಆ ತೀರದಲ್ಲಿ ಹಿಂದೆ ಇತ್ತು: ಸಮುದ್ರದ ನೀರುನಾಯಿ. ಕೊಬ್ಬಿನ ಪದರವಿಲ್ಲದ, ದಟ್ಟ ತುಪ್ಪಳದಿಂದಲೇ ಚಳಿ ತಡೆಯುವ ಪ್ರಾಣಿ. ಮೈ ಬೆಚ್ಚಗಿಡಲು ದಿನಕ್ಕೆ ತನ್ನ ತೂಕದ ಸುಮಾರು ಕಾಲುಭಾಗದಷ್ಟು ತಿನ್ನಬೇಕು. ಅರ್ಚಿನ್ ತಿಂದು ತಿಂದು ಅದರ ಮೂಳೆಗಳಿಗೇ ನೇರಳೆ ಬಣ್ಣ ಹಿಡಿಯುತ್ತದೆ. ಆ ತುಪ್ಪಳದ ಆಸೆಗೆ ವ್ಯಾಪಾರಿಗಳು 18 ಮತ್ತು 19ನೆಯ ಶತಮಾನಗಳಲ್ಲಿ ಅದನ್ನು ಬೇಟೆಯಾಡಿ, 1911ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಗುವ ಹೊತ್ತಿಗೆ ಇಡೀ ಉತ್ತರ ಪೆಸಿಫಿಕ್‌ನಲ್ಲಿ ಒಂದೆರಡು ಸಾವಿರ ಮಾತ್ರ ಉಳಿದಿದ್ದವು. ಉತ್ತರ ಕ್ಯಾಲಿಫೋರ್ನಿಯಾಕ್ಕೆ ಅವು ಮರಳಲೇ ಇಲ್ಲ.

ಅವು ಹೋದ ಮೇಲೂ ಅಲ್ಲಿ ಕಾಡು ನೂರಕ್ಕೂ ಹೆಚ್ಚು ವರ್ಷ ನಿಂತಿತ್ತು. ಏಕೆಂದರೆ ನಕ್ಷತ್ರಮೀನು ಇತ್ತು. ಎರಡು ಕಾವಲುಗಾರರಲ್ಲಿ ಒಬ್ಬ ಹೋದಾಗ ಇನ್ನೊಬ್ಬ ಅವನ ಪಾಳಿಯನ್ನೂ ಮಾಡುತ್ತಿದ್ದ. ಹಾಗಾಗಿ ಮೊದಲನೆಯವನು ಹೋದದ್ದರ ನಷ್ಟ ಯಾರ ಲೆಕ್ಕದಲ್ಲೂ ಬರಲಿಲ್ಲ. ಎರಡನೆಯವನು ಮಲಗಿದ ದಿನ ಎರಡೂ ಸಾಲದ ಬಡ್ಡಿ ಒಟ್ಟಿಗೆ ಬಂತು. ಸುತ್ತಿಗೆ ಹಿಡಿದವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಒಡೆಯುತ್ತಿರುವುದು ರೋಗವನ್ನಲ್ಲ, ಜ್ವರವನ್ನು.

ನೀರುನಾಯಿ ಇದ್ದರೆ ವ್ಯತ್ಯಾಸ ಎಷ್ಟು ಎಂಬುದನ್ನು ಜೇಮ್ಸ್ ಎಸ್ಟಿಸ್ ಮತ್ತು ಜಾನ್ ಪಾಲ್ಮಿಸಾನೊ ಎಂಬ ವಿಜ್ಞಾನಿಗಳು 1974ರಲ್ಲಿ ಅಲಾಸ್ಕಾದ ದ್ವೀಪಗಳಲ್ಲಿ ತೋರಿಸಿದ್ದರು. ನೀರುನಾಯಿ ಇರುವ ಅಮ್ಚಿಟ್ಕಾ ದ್ವೀಪದ ಸುತ್ತ ಕೆಲ್ಪ್ ಕಾಡು ತುಂಬಿತ್ತು. ನೀರುನಾಯಿ ಅಳಿದಿದ್ದ ಶೆಮ್ಯಾ ದ್ವೀಪದ ಸುತ್ತ ಬೋಳು ಬಂಡೆ, ತುಂಬ ಅರ್ಚಿನ್. 1990ರ ದಶಕದಲ್ಲಿ ಆ ಕಡೆಯ ನೀರುನಾಯಿಗಳನ್ನು ಹಂತಕ ತಿಮಿಂಗಿಲಗಳು ತಿನ್ನತೊಡಗಿದಾಗ ಅರ್ಚಿನ್ ಮತ್ತೆ ಏರಿತು, ಕೆಲ್ಪ್ ಮತ್ತೆ ಇಳಿಯಿತು. ಒಂದು ತಲೆಯ ಮೇಲೆ ಇನ್ನೊಂದು ತಲೆ.

ಇಷ್ಟು ದೂರದ ಮಾತನ್ನು ಗಂಗಾವತಿಯಲ್ಲಿ, ಸಿಂಧನೂರಿನಲ್ಲಿ, ಸಿರುಗುಪ್ಪದಲ್ಲಿ ಯಾರಿಗಾದರೂ ಹೇಳಿದರೆ ಅವರು ತಲೆ ಆಡಿಸುವುದು ಸೋಜಿಗದಿಂದಲ್ಲ, ಪರಿಚಯದಿಂದ. ಎಡದಂಡೆ ಕಾಲುವೆಯ ಕೆಳಗೆ ಸೋನಾಮಸೂರಿ ನಾಟಿ ಮಾಡುವ ಯಾವ ರೈತನಿಗೂ ಕಂದು ಜಿಗಿಹುಳು ಗೊತ್ತು. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಭತ್ತದ ಬುಡದಲ್ಲಿ ಗುಂಪುಗುಂಪಾಗಿ ಕುಳಿತು ರಸ ಹೀರುತ್ತದೆ. ಹಚ್ಚಗಿದ್ದ ಗದ್ದೆಯ ನಡುವೆ ಒಂದು ದಿನ ತಟ್ಟೆಯಷ್ಟು ಜಾಗ ಸುಟ್ಟಂತೆ ಒಣಗುತ್ತದೆ. ವಾರ ಕಳೆಯುವುದರೊಳಗೆ ಆ ತಟ್ಟೆ ಕಣದಷ್ಟು ಅಗಲವಾಗಿರುತ್ತದೆ. ಇಳಿದು ಬುಡ ಅಲುಗಾಡಿಸಿದರೆ ಹುಳುಗಳು ನೀರಿನ ಮೇಲೆ ಪಟಪಟನೆ ಉದುರುತ್ತವೆ.

ಗೊಬ್ಬರದಂಗಡಿಗೆ ಹೋದರೆ ಒಂದು ಬಾಟಲಿ ಸಿಗುತ್ತದೆ. ಎಣ್ಣೆ ಹೊಡೆಯುತ್ತೇವೆ. ಹುಳು ಇಳಿಯುತ್ತದೆ. ಕೆಲವು ದಿನಗಳ ನಂತರ ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ಎಣ್ಣೆ ಕಲಬೆರಕೆ ಎಂದು ಅಂಗಡಿಯವರನ್ನು ಬೈಯುವುದು ರೂಢಿ. ಕೆಲವೊಮ್ಮೆ ಅದೂ ನಿಜವಿರಬಹುದು. ಆದರೆ ಕೃಷಿ ವಿಜ್ಞಾನಿಗಳು ಏಷ್ಯಾದ ಭತ್ತದ ಗದ್ದೆಗಳಲ್ಲಿ ದಶಕಗಳ ಹಿಂದೆಯೇ ಕಂಡುಕೊಂಡ ಕಾರಣ ಬೇರೆ. ಕಂಡದ್ದನ್ನೆಲ್ಲ ಕೊಲ್ಲುವ ಔಷಧಿ ಗದ್ದೆಯ ಜೇಡಗಳನ್ನೂ, ಜಿಗಿಹುಳುವಿನ ಮೊಟ್ಟೆ ಹೀರುವ ಹಸಿರು ತಿಗಣೆಗಳನ್ನೂ ಕೊಲ್ಲುತ್ತದೆ. ಜಿಗಿಹುಳುವಿನ ಮೊಟ್ಟೆ ದಂಟಿನ ಒಳಗೆ ಸುರಕ್ಷಿತವಾಗಿರುತ್ತದೆ. ಮೊಟ್ಟೆ ಒಡೆದು ಮರಿ ಹೊರಬಂದಾಗ ಊರಿನಲ್ಲಿ ಪೊಲೀಸರೇ ಇಲ್ಲ. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದ್ದು ಈ ಜಿಗಿಹುಳುವಿನ ಕಾಟಕ್ಕೇ.

ಗದ್ದೆಯಲ್ಲಿ ಜೇಡ ಸತ್ತ ದಿನ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ ಎಂಬುದನ್ನು ಗಮನಿಸಬೇಕು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು 2024ರ ಆಗಸ್ಟ್ 10ರ ರಾತ್ರಿ ತುಂಡಾದಾಗ ಮುನಿರಾಬಾದಿನಿಂದ ಮಾನ್ವಿಯವರೆಗೆ ಜನ ನಿದ್ದೆಗೆಟ್ಟರು. ಟಿವಿ ಹಾಕಿ ಕುಳಿತರು, ಎಷ್ಟು ಟಿಎಂಸಿ ಹೋಯಿತು ಎಂದು ಗಂಟೆಗಂಟೆಗೆ ಲೆಕ್ಕ ಹಾಕಿದರು. ಗೇಟು ಮುರಿದರೆ ಸದ್ದಾಗುತ್ತದೆ. ಜೇಡ, ನಕ್ಷತ್ರಮೀನು, ನೀರುನಾಯಿ ಇವು ಹೋದರೆ ಸದ್ದಾಗುವುದಿಲ್ಲ.

ಈಗ ತೊಟ್ಟಿಲ ಕಡೆಗೆ ಬರೋಣ. ಕೆರಿಬಿಯನ್ ಸಮುದ್ರ ಬೆಚ್ಚಗಿನದು, ಅಲ್ಲಿ ಕೆಲ್ಪ್ ಇಲ್ಲ, ಹವಳವಿದೆ. ಹವಳದ ಮೇಲೆ ಪಾಚಿ ಹಬ್ಬಿದರೆ ಅದಕ್ಕೆ ಬೆಳಕು ಸಿಗುವುದಿಲ್ಲ, ಹೊಸ ಹವಳದ ಮರಿ ಅಂಟಿಕೊಳ್ಳಲು ಜಾಗವೂ ಇಲ್ಲ. ಉದ್ದ ಮುಳ್ಳಿನ ಕಪ್ಪು ಅರ್ಚಿನ್ ರಾತ್ರಿಯೆಲ್ಲ ಆ ಪಾಚಿಯನ್ನು ಮೇಯುತ್ತಿತ್ತು. 1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಬಾಯಿಯ ಹತ್ತಿರ ಅವು ಸಾಯತೊಡಗಿದವು. ಮುಳ್ಳುಗಳು ಉದುರಿದವು, ಕಾಲುಗಳು ಬಂಡೆಯ ಹಿಡಿತ ಬಿಟ್ಟವು. ಒಂದು ವರ್ಷ ಕಳೆಯುವಷ್ಟರಲ್ಲಿ ಸಮುದ್ರದ ನೀರಿನ ಹರಿವಿನ ಜೊತೆ ರೋಗ ಇಡೀ ಕೆರಿಬಿಯನ್ ಸುತ್ತಿ, ಶೇಕಡ 90ಕ್ಕೂ ಹೆಚ್ಚು ಅರ್ಚಿನ್‌ಗಳನ್ನು ಕೊಂದಿತ್ತು. 2022ರಲ್ಲಿ ಮತ್ತೆ ಅದೇ ಬಗೆಯ ಸಾವು. ಈ ಸಲ ಅಪರಾಧಿ ಬೇಗ ಸಿಕ್ಕಿತು: ಕಣ್ಣಿಗೆ ಕಾಣದ ಒಂದು ಏಕಕೋಶಿ ಪರೋಪಜೀವಿ ಎಂದು 2023ರಲ್ಲಿ ಗೊತ್ತಾಯಿತು. ಕೆಂಪು ಸಮುದ್ರದಲ್ಲಿಯೂ ಅದರ ದಾಯಾದಿ ಅರ್ಚಿನ್‌ಗಳು ಹೀಗೇ ಸತ್ತವು.

ಜಮೈಕಾದಲ್ಲಿ ಆದದ್ದು ಈ ಕಥೆಯ ತಿರುಳು. ಅಲ್ಲಿ ಹವಳದ ಮೇಲಿನ ಪಾಚಿ ಮೇಯುವ ಮೀನುಗಳೂ ಇದ್ದವು. ಆದರೆ ಬಹಳ ಕಾಲದಿಂದ ಅತಿಯಾಗಿ ಹಿಡಿದು ಅವುಗಳನ್ನು ಬಹುತೇಕ ಖಾಲಿ ಮಾಡಲಾಗಿತ್ತು. ಆಗ ಯಾರಿಗೂ ಚಿಂತೆಯಾಗಲಿಲ್ಲ, ಏಕೆಂದರೆ ಅರ್ಚಿನ್ ಇತ್ತು. ಒಂಟಿ ಎತ್ತಿನ ಹೆಗಲಿಗೆ ಇಡೀ ನೊಗ ಬಿದ್ದಿತ್ತು. 1983ರಲ್ಲಿ ಆ ಎತ್ತೂ ಬಿದ್ದಿತು. ಚಂಡಮಾರುತಗಳ ಏಟೂ ಸೇರಿ, 1970ರ ದಶಕದ ಕೊನೆಯಲ್ಲಿ ತಳದ ಅರ್ಧದಷ್ಟನ್ನು ಹೊದ್ದಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇಕಡ 5ಕ್ಕಿಂತ ಕೆಳಗಿಳಿದು, ದಿಬ್ಬಗಳೆಲ್ಲ ಪಾಚಿಯಾದವು. ಕ್ಯಾಲಿಫೋರ್ನಿಯಾದ ಕಥೆ ತಿರುವಿ ಹಾಕಿದಂತೆ. ಅಲ್ಲಿ ಅರ್ಚಿನ್ ತಿನ್ನುವ ಇಬ್ಬರಲ್ಲಿ ಇಬ್ಬರೂ ಹೋದರು. ಇಲ್ಲಿ ಪಾಚಿ ತಿನ್ನುವ ಇಬ್ಬರಲ್ಲಿ ಇಬ್ಬರೂ ಹೋದರು. ಅರ್ಚಿನ್ ಕೆಟ್ಟದ್ದೋ ಒಳ್ಳೆಯದೋ ಎಂಬ ಪ್ರಶ್ನೆಯೇ ತಪ್ಪು. ಕೇಳಬೇಕಾದದ್ದು, ಅದರ ಅಕ್ಕಪಕ್ಕದಲ್ಲಿ ಯಾರು ಯಾವಾಗ ಕಾಣೆಯಾದರು ಎಂದು.

ಇಲ್ಲಿಗೆ ಬಂದಾಗ ನಮ್ಮ ಕಡೆಯ ಓದುಗರಿಗೆ ಒಂದು ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ತುಂಗಭದ್ರೆಯಲ್ಲೂ ನೀರುನಾಯಿ ಇದೆ. ಅಣೆಕಟ್ಟಿನ ಹತ್ತಿರದ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರ್ ಭಾಗವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗಾಗಿಯೇ ಮಾಡಿದ ದೇಶದ ಮೊದಲ ಮೀಸಲು ಅದು. ನಮ್ಮದು ನಯವಾದ ತುಪ್ಪಳದ ನೀರುನಾಯಿ, ಜಾಗತಿಕವಾಗಿ ಅಪಾಯದ ಪಟ್ಟಿಯಲ್ಲಿರುವ ಜಾತಿ. ಬೆಳಗಿನ ಹೊತ್ತು ಹರಿಗೋಲಿನಲ್ಲಿ ಹೋಗುವವರಿಗೆ ಬಂಡೆಗಳ ನಡುವೆ ಐದಾರು ಚಪ್ಪಟೆ ತಲೆಗಳು ಒಟ್ಟಿಗೆ ಮೇಲೆದ್ದು ಮುಳುಗುವುದು ಕಾಣಸಿಗುತ್ತದೆ. ಇಲ್ಲದಿದ್ದರೆ ಅವು ಬಂದುಹೋದ ಗುರುತು ಬಂಡೆಯ ಮೇಲೆ ಸಿಗುತ್ತದೆ: ಮೀನಿನ ಹುರುಪೆ, ಏಡಿಯ ಚೂರು ತುಂಬಿದ, ದೂರದಿಂದಲೇ ಮೂಗಿಗೆ ಬಡಿಯುವ ಹಿಕ್ಕೆ.

ಆದರೆ ಹೋಲಿಕೆಯನ್ನು ಇಲ್ಲಿ ನಿಲ್ಲಿಸಬೇಕು. ನೀರುನಾಯಿ ಇದ್ದರೆ ಹೊಳೆ ಉಳಿಯುತ್ತದೆ, ನೋಡಿ ಪೆಸಿಫಿಕ್‌ನಲ್ಲಿ ಹಾಗೇ ಆಯಿತು ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ನಮ್ಮ ಹೊಳೆಯಲ್ಲಿ ಅರ್ಚಿನ್ ಇಲ್ಲ, ಕೆಲ್ಪ್ ಇಲ್ಲ. ಕಂಟಕಚರ್ಮಿಗಳಿಗೆ ಸಿಹಿನೀರೇ ಆಗದು. ನಮ್ಮ ನೀರುನಾಯಿ ಮುಖ್ಯವಾಗಿ ಮೀನು ತಿನ್ನುತ್ತದೆ, ಮೀನುಗಾರರೂ ಅದೇ ಮೀನಿಗೆ ಬಲೆ ಹಾಕುತ್ತಾರೆ. ಬಲೆಯಲ್ಲಿ ಸಿಕ್ಕ ಮೀನನ್ನು ತಿಂದು ಬಲೆ ಹರಿದು ಹೋದರೆ ಆ ಮನೆಯ ಅಂದಿನ ಗಳಿಕೆ ಹೋಯಿತು. ಅಲಾಸ್ಕಾದ ಆಗ್ನೇಯ ತೀರಕ್ಕೆ 1960ರ ದಶಕದಲ್ಲಿ ನೀರುನಾಯಿಗಳನ್ನು ಮರಳಿ ತಂದು ಬಿಟ್ಟ ಮೇಲೆ ಅಲ್ಲಿನ ಏಡಿ ಮತ್ತು ಅರ್ಚಿನ್ ಹಿಡಿಯುವವರು ಎತ್ತಿದ ತಕರಾರೂ ಇದೇ. ಹರಿದ ಬಲೆಯ ಲೆಕ್ಕ ಹಿಡಿಯದ ಸಂರಕ್ಷಣೆ ನನಗೆ ಒಪ್ಪಿಗೆಯಿಲ್ಲ. ಹಾಗೆಯೇ, ಮೀನು ಕಡಿಮೆಯಾದದ್ದಕ್ಕೆಲ್ಲ ನೀರುನಾಯಿಯ ಕಡೆ ಬೆರಳು ತೋರಿಸುವುದೂ ಒಪ್ಪಿಗೆಯಿಲ್ಲ. ಮದ್ದು ಸಿಡಿಸಿ ಮೀನು ಹಿಡಿಯುವುದು, ಮರಳು ಎತ್ತುವುದು, ಗದ್ದೆಯ ಔಷಧಿ ಬಸಿದು ಹೊಳೆಗೆ ಸೇರುವುದು, ಇವೆಲ್ಲ ನೀರುನಾಯಿಯ ಕೆಲಸವಲ್ಲ.

ಪೆಸಿಫಿಕ್‌ನ ಇನ್ನೊಂದು ವಿವರ ಈ ಉತ್ಸಾಹಕ್ಕೆ ತಣ್ಣೀರು ಎರಚುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಸಮುದ್ರದ ನೀರುನಾಯಿ ಈಗಲೂ ಇದೆ. 2014ರ ನಂತರ ಅಲ್ಲಿಯೂ ಅರ್ಚಿನ್ ಬರಡುಗಳು ಹುಟ್ಟಿದಾಗ ಅವು ಹೋಗಿ ಬರಡನ್ನು ತಿಂದು ಖಾಲಿ ಮಾಡುತ್ತವೆ ಎಂದು ಕೆಲವರು ನಂಬಿದ್ದರು. ಸಂಶೋಧಕರು ನೋಡಿದರೆ ನೀರುನಾಯಿಗಳು ಬರಡಿನತ್ತ ಸುಳಿಯಲೇ ಇಲ್ಲ. ಉಪವಾಸ ಬಿದ್ದ ಅರ್ಚಿನ್ ಒಳಗೆ ಟೊಳ್ಳು, ಒಡೆದರೆ ತಿನ್ನಲು ಏನೂ ಇಲ್ಲ. ಉಳಿದ ಕೆಲ್ಪ್ ತುಂಡುಗಳಲ್ಲಿ ಹೊಟ್ಟೆ ತುಂಬಿಕೊಂಡಿದ್ದ ಕೊಬ್ಬಿದ ಅರ್ಚಿನ್‌ಗಳನ್ನೇ ಆರಿಸಿ ತಿಂದವು. ಹಾಗಾಗಿ ಉಳಿದಿದ್ದ ಕಾಡು ಉಳಿಯಿತು, ಹೋದ ಕಾಡು ಹೋದಂತೆಯೇ ಇತ್ತು. ಜಪಾನಿನಲ್ಲಿ ಅರ್ಚಿನ್‌ನ ಒಳಗಿನ ಹಳದಿ ಜನನಾಂಗಗಳನ್ನು ಉನಿ ಎಂದು ದುಬಾರಿ ಬೆಲೆಗೆ ತಿನ್ನುತ್ತಾರೆ. ಅಲ್ಲಿನ ಗಿರಾಕಿಗೂ ಬರಡಿನ ಅರ್ಚಿನ್ ಬೇಡ. ಕಾವಲುಗಾರ ಇರುವಾಗ ಉಳಿಸಿಕೊಳ್ಳುವುದಕ್ಕೂ, ಕಳವಾದ ಮೇಲೆ ಕರೆತರುವುದಕ್ಕೂ ಇರುವ ಅಂತರ ಇಷ್ಟು.

ಕೊನೆಗೊಂದು ಕೊಂಡಿ ಇದೆ, ಅದು ನೇರವಾಗಿ ನಮ್ಮ ಜಿಲ್ಲೆಗಳಿಂದ ಹೊರಡುತ್ತದೆ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಬಳ್ಳಾರಿ ಪಕ್ಕದ ಕುಡತಿನಿಯದು 1,700. ತೋರಣಗಲ್ಲಿನಲ್ಲಿ ಉಕ್ಕು ಕರಗುತ್ತದೆ. ಕಲ್ಲಿದ್ದಲು ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ಊರು ನೋಡಿ ನಿಲ್ಲುವುದಿಲ್ಲ. ಮನುಷ್ಯರು ಬಿಡುವ ಅದರ ಸುಮಾರು ಕಾಲುಭಾಗವನ್ನು ಸಮುದ್ರ ನುಂಗುತ್ತದೆ. ನೀರಿನಲ್ಲಿ ಬೆರೆತು ಆಮ್ಲವಾಗುತ್ತದೆ. ಕೈಗಾರಿಕೆಗಳು ಶುರುವಾಗುವ ಮೊದಲು ಸುಮಾರು 8.2 ಇದ್ದ ಸಮುದ್ರದ ಮೇಲ್ಪದರದ ಪಿಎಚ್, ಅಂದರೆ ಹುಳಿ–ಕ್ಷಾರ ಅಳೆಯುವ ಅಂಕಿ, ಈಗ 8.1ರ ಹತ್ತಿರ ಇದೆ; ಅದು ಇಳಿದಷ್ಟೂ ಹುಳಿ ಹೆಚ್ಚು. ಅಂಕಿ ಸಣ್ಣದು ಕಾಣುತ್ತದೆ, ಆದರೆ ಆ ಮಾಪನದ ಲೆಕ್ಕದಲ್ಲಿ ಅದು ಆಮ್ಲೀಯತೆಯಲ್ಲಿ ಶೇಕಡ 30ರಷ್ಟು ಏರಿಕೆ. ಸಮುದ್ರವೇನೂ ಹುಳಿಯಾಗಿಲ್ಲ, ಇನ್ನೂ ಕ್ಷಾರದ ಕಡೆಗೇ ಇದೆ. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಮಾತ್ರ ಕಡಿಮೆಯಾಗುತ್ತಿದೆ.

ಅರ್ಚಿನ್ ಮರಿ ಹುಟ್ಟುವಾಗ ತಾಯಿಯಂತೆ ಇರುವುದಿಲ್ಲ. ಕೂದಲೆಳೆಗಿಂತ ಸಣ್ಣ ಸುಣ್ಣದ ಕಡ್ಡಿಗಳ ಮೇಲೆ ನಿಂತ ಪಾರದರ್ಶಕ ಡೇರೆಯಂತೆ, ಎಡ–ಬಲ ಇರುವ ದೇಹದಲ್ಲಿ, ವಾರಗಟ್ಟಲೆ ತೇಲುತ್ತದೆ. ಆಮೇಲೆ ಒಂದು ಬಂಡೆ ಸಿಕ್ಕಾಗ ಆ ಡೇರೆಯನ್ನು ಕಳಚಿ ಐದು ಪಾಲಿನ ಮುಳ್ಳುಂಡೆಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ನೀರಿನಲ್ಲಿ ಮಾಡಿದ ಪ್ರಯೋಗಗಳಲ್ಲಿ ಆ ಕಡ್ಡಿಗಳು ಗಿಡ್ಡವಾಗಿ, ಮರಿಗಳು ಸಣ್ಣದಾಗಿ ಬೆಳೆದಿವೆ. ಎಲ್ಲ ಜಾತಿಗಳೂ ಒಂದೇ ಅಲ್ಲ. ಆಳದ ನೀರು ಮೇಲೇಳುವ ತೀರಗಳಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ನೇರಳೆ ಅರ್ಚಿನ್ ಇದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಸುತ್ತಿಗೆಗೂ ಬಗ್ಗದ್ದು ಇದಕ್ಕೂ ಬಗ್ಗದಿದ್ದರೆ ಆಶ್ಚರ್ಯವಿಲ್ಲ.

ಇದನ್ನೆಲ್ಲ ಓಣಿಯ ಆ ಹುಡುಗಿಗೆ ಹೇಳುವುದು ಹೇಗೆ? ಅವರ ಚಿಪ್ಪಿನ ಬುಡದ ಅಂಚು ಮೊದಲೇ ಸ್ವಲ್ಪ ಮುರಿದಿತ್ತು. ಆ ಚೂರನ್ನು ಒಂದು ಸ್ಟೀಲ್ ಬಟ್ಟಲಿನಲ್ಲಿ ಇಟ್ಟು ಅರ್ಧ ನಿಂಬೆಹಣ್ಣು ಹಿಂಡಿದೆವು. ಕೂಡಲೇ ಸಣ್ಣ ಸಣ್ಣ ಗುಳ್ಳೆಗಳು ಚೂರಿಗೆ ಮುತ್ತಿಕೊಂಡವು. ಕಿವಿ ಹತ್ತಿರ ಒಯ್ದರೆ ಸೋಡಾ ಬಾಟಲಿಯಂಥ ಸದ್ದು. ಸಮುದ್ರ ನಿಂಬೆರಸದಷ್ಟು ಹುಳಿಯಲ್ಲ ಎಂದು ಎರಡು ಸಲ ಹೇಳಿದೆ. ಅವಳು ಗುಳ್ಳೆಗಳನ್ನೇ ನೋಡುತ್ತಿದ್ದಳು. ರಾತ್ರಿ ಬಟ್ಟಲನ್ನು ಕಿಟಕಿಯಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಚೂರನ್ನು ಕೇಳಿಕೊಂಡು ಬಂದಳು. ತೊಳೆದು ಅಂಗೈಯಲ್ಲಿ ಇಟ್ಟೆ. ಸಜ್ಜೆ ಕಾಳಿನಂಥ ಗುಬ್ಬುಗಳು ಮೊಂಡಾಗಿದ್ದವು, ನೇರಳೆ ಮಾಸಿ ಬೆಳ್ಳಗಾಗಿತ್ತು. ಅದನ್ನು ಬೆಳಕಿಗೆ ಹಿಡಿದು, ತೂತುಗಳ ಸಾಲನ್ನು ಎಣಿಸಿ, ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದಳು.